ಕಣ್ಣಂದಾಜು ಸಾಲದು: ತಾಯಿ ಮತ್ತು ಕೂಸಿನ ಆರೈಕೆ

(ನಮ್ಮ ಆಸ್ಪತ್ರೆಯ ಹೆರಿಗೆ ವಿಭಾಗದ ಹಿರಿಯ ಶುಶ್ರೂಷಕಿಯೊಬ್ಬರು ಬಸುರಿಯರು, ಬಾಣಂತಿಯರು ಮತ್ತು ಅವರ ಜೊತೆ ಬಂದ ಬಂಧುಗಳಿಗಾಗಿ ದಾಸೋಹ ಭವನದಲ್ಲಿ ನೀಡಿದ ಉಪನ್ಯಾಸದ ಬರಹರೂಪ.)



ಪೂಜ್ಯರ ಅಪ್ಪಣೆಯಂತೆ ಇಂದು ಬಸಿರು, ಬಾಣಂತನ ಮತ್ತು ಹಸುಗೂಸಿನ ಆರೈಕೆಯ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ. ಬಸುರಿಯರಿಗಿಂತ ಮೊದಲು ಅವರ ಜೊತೆ ಬಂದವರಿಗೇ ನಾನು ಹೇಳುವುದಿದೆ. ಹೆಣ್ಣುಮಗಳು ಯಾವಾಗ ದವಾಖಾನೆಗೆ ಹೋಗಬೇಕು, ಎಷ್ಟು ದಿನ ಇರಬೇಕು, ಬಾಗಲಕೋಟೆಗೆ ಕಳಿಸಿದರೆ ಒಪ್ಪಬೇಕೋ ಬೇಡವೋ ಎಂಬುದನ್ನು ನಮ್ಮ ಕಡೆ ಅವಳು ನಿರ್ಧರಿಸುವುದಿಲ್ಲ. ಅತ್ತೆ, ತಾಯಿ, ಗಂಡ, ಮಾವ, ದೊಡ್ಡಪ್ಪ ನಿರ್ಧರಿಸುತ್ತಾರೆ. ಆದ್ದರಿಂದ ಈ ಮಾತು ನಿಮಗೆ.

ಬಾದಾಮಿಯಿಂದ ಬರಲಿ, ಹುನಗುಂದದಿಂದ ಬರಲಿ, ಹೆರಿಗೆ ಕೋಣೆಯ ಹೊರಗೆ ನಾವು ದಿನಾಲೂ ಕೇಳುವ ಮಾತು ಒಂದೇ. "ಏನೂ ಆಗಿಲ್ಲ ಬಿಡ್ರಿ ಸಿಸ್ಟರ್, ಇಷ್ಟು ರಕ್ತ ಹೋಗೋದು ಇದ್ದದ್ದೇ. ನಾವೂ ಆರು ಹಡದೀವಿ." ಹೇಳುವವರು ಅನುಭವಸ್ಥರು. ಅವರ ಮಾತನ್ನು ತಳ್ಳಿಹಾಕುವ ಉದ್ದೇಶ ನನ್ನದಲ್ಲ. ಸೂಲಗಿತ್ತಿಯರ ಕೈಯಲ್ಲಿ ಎಷ್ಟೋ ತಲೆಮಾರು ಹುಟ್ಟಿ ಬೆಳೆದಿವೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಕೊಟ್ಟು ಗೌರವಿಸಿತು. ಆ ಕೈಗುಣ ದೊಡ್ಡದು. ಆದರೆ ಕಣ್ಣಿನ ಅಂದಾಜಿಗೆ ಒಂದು ಮಿತಿ ಇದೆ. ಆ ಮಿತಿ ಎಷ್ಟು ಎಂಬುದನ್ನು ತೋರಿಸಿಕೊಟ್ಟ ಸಂಶೋಧನೆ ಎಲ್ಲೋ ಅಮೆರಿಕದ ದೊಡ್ಡ ಆಸ್ಪತ್ರೆಯಲ್ಲಿ ನಡೆದದ್ದಲ್ಲ. ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯಲ್ಲಿ, ನಮ್ಮಂಥದೇ ಹೆಣ್ಣುಮಕ್ಕಳ ಹೆರಿಗೆಯಲ್ಲಿ ನಡೆಯಿತು.

ಹೆರಿಗೆಯಾದ ಮೇಲೆ ಸ್ವಲ್ಪ ರಕ್ತ ಹೋಗುವುದು ಸಹಜ. ಅದು ಅರ್ಧ ಲೀಟರ್ ದಾಟಿದರೆ ನಾವು ಅದನ್ನು ಅತಿ ರಕ್ತಸ್ರಾವ ಎನ್ನುತ್ತೇವೆ. ಅರ್ಧ ಲೀಟರ್ ಎಂದರೆ ನೀವು ಮುಂಜಾನೆ ಅಂಗಡಿಯಿಂದ ತರುವ ಹಾಲಿನ ಚಿಕ್ಕ ಪಾಕೀಟು. ಆದರೆ ರಕ್ತ ಪಾಕೀಟಿನಲ್ಲಿ ಬರುವುದಿಲ್ಲ. ಸೀರೆಗೆ ಹೀರುತ್ತದೆ, ಹಾಸಿಗೆಗೆ ಇಳಿಯುತ್ತದೆ, ನೆಲಕ್ಕೆ ಹರಿದು ನೀರಿನ ಜೊತೆ ಹೋಗುತ್ತದೆ. ನೋಡಿದವರು "ಸ್ವಲ್ಪ ಹೋಗೇತಿ" ಎನ್ನುತ್ತಾರೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಇದನ್ನು ಪರೀಕ್ಷಿಸಿ ನೋಡಿದರು. ಹಡೆದ ಕೂಡಲೆ ತಾಯಿಯ ಕೆಳಗೆ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲದಂಥ ಹಾಸನ್ನು ಇಟ್ಟರು. ರಕ್ತವೆಲ್ಲ ಅದರಲ್ಲಿ ಸೇರುತ್ತದೆ, ಎಷ್ಟು ಎಂದು ಗೆರೆ ಹೇಳುತ್ತದೆ. ಕಣ್ಣಿನಿಂದ ಅಂದಾಜು ಮಾಡಿದ ಲೆಕ್ಕವನ್ನೂ ಈ ಹಾಸಿನ ಲೆಕ್ಕವನ್ನೂ ಹೋಲಿಸಿದಾಗ ಕಣ್ಣಿನ ಲೆಕ್ಕ ಶೇಕಡಾ 33ರಷ್ಟು ಕಡಿಮೆ ಇತ್ತು. 2006ರಲ್ಲಿ ಇದು ಪ್ರಕಟವಾಯಿತು. ಅಂದಾಜು ಮಾಡಿದವರು ಮನೆಯ ಮಂದಿಯಲ್ಲ, ಕಲಿತವರು. ಕಲಿತವರ ಕಣ್ಣೇ ಮೂರರಲ್ಲಿ ಒಂದು ಪಾಲನ್ನು ಕಾಣದೆ ಬಿಟ್ಟಿತು ಎಂದ ಮೇಲೆ ಗಾಬರಿಯಲ್ಲಿರುವ ಮನೆಯವರ ಕಣ್ಣಿನ ಮಾತು ಹೇಳುವುದೇನು?

ಇಳಕಲ್ ಕಡೆಯ ನೇಕಾರ ಮನೆತನದವರು ಇಲ್ಲಿ ಕೆಲವರು ಇದ್ದೀರಿ. ಸೀರೆಗೆ ಹಾಸು ಹಾಕುವಾಗ ಎಳೆ ಎಣಿಸದೆ, ಕಣ್ಣಿಗೆ ಸರಿ ಕಂಡಿತೆಂದು ಮಗ್ಗಕ್ಕೆ ಏರಿಸುತ್ತೀರಾ? ಇಲ್ಲ. ಸೀರೆಗೆ ಇರುವ ಲೆಕ್ಕ ತಾಯಿಯ ರಕ್ತಕ್ಕೂ ಇರಲಿ ಎಂದಷ್ಟೇ ನಾನು ಕೇಳುವುದು.

ಅದೇ ತಂಡದವರು ಇನ್ನೊಂದು ದೊಡ್ಡ ಕೆಲಸ ಮಾಡಿದರು. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆರಿಗೆಗಳನ್ನು ಅಭ್ಯಾಸ ಮಾಡಿದರು. ಮನೆಯಲ್ಲಿ ಮತ್ತು ಉಪಕೇಂದ್ರಗಳಲ್ಲಿ ಆದ ಹೆರಿಗೆಗಳವು. ನೋಡಿಕೊಂಡವರು ದೊಡ್ಡ ಡಾಕ್ಟರರಲ್ಲ, ನಮ್ಮ ಎ.ಎನ್.ಎಂ. ನರ್ಸ್‌ಗಳು, ಊರಲ್ಲಿ ನೀವು ನರ್ಸಬಾಯಿ ಎನ್ನುತ್ತೀರಲ್ಲ, ಅವರೇ. ಕೂಸು ಹುಟ್ಟಿದ ಕೂಡಲೆ ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ನುಂಗಿಸಿದರು, ಉಳಿದವರಿಗೆ ಅದೇ ರೂಪದ, ಔಷಧಿ ಇಲ್ಲದ ಮಾತ್ರೆ. ಔಷಧಿ ಇಲ್ಲದ ಮಾತ್ರೆ ತೆಗೆದುಕೊಂಡ ನೂರು ಜನರಲ್ಲಿ 12 ಜನರಿಗೆ ಅತಿ ರಕ್ತಸ್ರಾವವಾಯಿತು. ಔಷಧಿ ತೆಗೆದುಕೊಂಡವರಲ್ಲಿ ಅದು ನೂರಕ್ಕೆ ಆರಕ್ಕಿಂತ ಸ್ವಲ್ಪ ಹೆಚ್ಚು, 6.4. ಅಂದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಜೀವಕ್ಕೆ ಕುತ್ತು ತರುವಷ್ಟು ರಕ್ತ ಹೋದವರ ಪ್ರಮಾಣ 1.2ರಿಂದ 0.2ಕ್ಕೆ ಬಂದಿತು. 2006ರಲ್ಲಿ ಲ್ಯಾನ್ಸೆಟ್ ಎಂಬ ಜಗತ್ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಇದು ಅಚ್ಚಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ರಕ್ತಸ್ರಾವ ತಡೆಯಲು ಈ ಮಾತ್ರೆಯನ್ನು ತನ್ನ ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿಕೊಂಡಿತು. ಹೆಸರು ಎಲ್ಲೂ ಬಾರದ ಆ 1620 ತಾಯಂದಿರ ಉಪಕಾರ ಇಂದು ಎಷ್ಟು ದೇಶಗಳಿಗೆ ತಲುಪಿದೆ ನೋಡಿ.

ಆಸ್ಪತ್ರೆಯಲ್ಲಿ ನಾವು ಮೊದಲು ಕೊಡುವುದು ಮಾತ್ರೆಯನ್ನಲ್ಲ, ಆಕ್ಸಿಟೋಸಿನ್ ಇಂಜೆಕ್ಷನ್. ಅದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಫ್ರಿಜ್‌ನಲ್ಲಿ ಇಡಬೇಕು. ನಮ್ಮ ಏಪ್ರಿಲ್ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ಕೂಸು ಹುಟ್ಟಿದ ಒಂದು ನಿಮಿಷದೊಳಗೆ ತೊಡೆಗೆ ಚುಚ್ಚುವ ಈ ಇಂಜೆಕ್ಷನ್‌ಗೆ ಕೆಲವರು ಬೇಡ ಎನ್ನುತ್ತಾರೆ, "ಸಹಜ ಹೆರಿಗೆ ಆಗೇತಿ, ಮತ್ಯಾಕ ಸೂಜಿ" ಎಂದು. ಸಹಜ ಹೆರಿಗೆಯಾದವರಿಗೇ ಅದನ್ನು ಕೊಡುವುದು, ಗರ್ಭಚೀಲ ಗಟ್ಟಿಯಾಗಿ ಮುಚ್ಚಿಕೊಂಡು ರಕ್ತ ನಿಲ್ಲಲಿ ಎಂದು. ದಯಮಾಡಿ ಬೇಡ ಎನ್ನಬೇಡಿ.

ಅಳತೆಯ ಹಾಸಿನ ಕಥೆ ಬೆಳಗಾವಿಗೆ ಮುಗಿಯಲಿಲ್ಲ. ಆಫ್ರಿಕಾದ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ಟಾಂಜಾನಿಯಾ ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ನಡೆದ ಅಧ್ಯಯನ 2023ರಲ್ಲಿ ಹೊರಬಂದಿತು. ಅಳತೆಯ ಹಾಸು ಇಟ್ಟು, ರಕ್ತ ಹೆಚ್ಚಾಯಿತೆಂದು ಗೊತ್ತಾದ ತಕ್ಷಣ ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಚೀಲ ತಿಕ್ಕುವುದು, ಔಷಧಿ, ಸಲಾಯಿನ್, ಪರೀಕ್ಷೆ ಇವನ್ನೆಲ್ಲ ಒಂದಾದ ಮೇಲೊಂದರಂತೆ ಕಾಯದೆ ಒಟ್ಟಿಗೇ ಮಾಡಿದರು. ಗಂಭೀರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆಯ ಆಪರೇಶನ್ ಅಥವಾ ಸಾವು, ಈ ಮೂರೂ ಸೇರಿದ ಪ್ರಮಾಣ ಶೇಕಡಾ 60ರಷ್ಟು ಇಳಿಯಿತು. ಕಣ್ಣಂದಾಜಿನಲ್ಲಿ ಅತಿ ರಕ್ತಸ್ರಾವದ ಅರ್ಧದಷ್ಟು ಪ್ರಕರಣಗಳು ಮಾತ್ರ ಗೊತ್ತಾಗುತ್ತಿದ್ದವು. ಹಾಸು ಇಟ್ಟಲ್ಲಿ ನೂರರಲ್ಲಿ 93 ಗೊತ್ತಾದವು.

ಇದರಿಂದ ನಿಮಗೆ ಆಗಬೇಕಾದ್ದೇನು? ಹೆರಿಗೆ ಕೋಣೆಯಿಂದ ಹೊರಗೆ ಬಂದ ಬಾಣಂತಿಯ ಬಟ್ಟೆಯನ್ನು ನಾವು ಮೇಲಿಂದ ಮೇಲೆ ನೋಡುತ್ತೇವೆ, ಹೊಟ್ಟೆ ಒತ್ತುತ್ತೇವೆ, ನಾಡಿ ಹಿಡಿಯುತ್ತೇವೆ. ಅವಳಿಗೆ ನೋವಾಗುತ್ತದೆ, ನಿಮಗೆ ಕಿರಿಕಿರಿ ಅನ್ನಿಸುತ್ತದೆ. ಸಹಿಸಿಕೊಳ್ಳಿ. ತೊಯ್ದ ಬಟ್ಟೆಯನ್ನು ನಾಚಿಕೆಗೆಂದು ಮುಚ್ಚಿಟ್ಟು ಒಗೆಯಲು ಒಯ್ಯಬೇಡಿ, ಮೊದಲು ಸಿಸ್ಟರ್‌ಗೆ ತೋರಿಸಿ. ಮತ್ತು ಅದೇ ದಿನ ಮನೆಗೆ ಹೋಗುತ್ತೇವೆಂದು ಹಠ ಹಿಡಿಯಬೇಡಿ. ಅಮಾವಾಸ್ಯೆ ಬರುತ್ತದೆ, ಮನೆಯಲ್ಲಿ ದನಕರುಗಳಿವೆ, ಟ್ರ್ಯಾಕ್ಸ್ ಬಂದು ನಿಂತಿದೆ ಎಂಬ ಕಾರಣಗಳನ್ನು ನಾವು ಬಹಳ ಕೇಳಿದ್ದೇವೆ. ರಕ್ತಸ್ರಾವದಿಂದ ಆಗುವ ಸಾವುಗಳಲ್ಲಿ ಬಹುಪಾಲು ಮೊದಲ 24 ಗಂಟೆಯೊಳಗೇ ಆಗುತ್ತವೆ. ಸಹಜ ಹೆರಿಗೆಯಾದರೂ ಎರಡು ದಿನ ಇರಬೇಕು. ಮನೆಗೆ ಹೋದ ಮೇಲೆ ಒಂದೇ ತಾಸಿನಲ್ಲಿ ಬಟ್ಟೆ ಪೂರ್ತಿ ತೊಯ್ದರೆ, ಲಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ ಬಿದ್ದರೆ, ತಲೆ ತಿರುಗಿ ಕಣ್ಣು ಕತ್ತಲೆ ಬಂದರೆ, ದುರ್ವಾಸನೆಯ ಸ್ರಾವದ ಜೊತೆ ಜ್ವರ ಬಂದರೆ 108ಕ್ಕೆ ಫೋನ್ ಮಾಡಿ. ಯಾರಾದರೂ ಹಿರಿಯರು ಊರಿಂದ ಬರಲಿ, ಕೇಳಿ ಹೋಗೋಣ ಎಂದು ಕೂಡಬೇಡಿ.

ಇನ್ನು ರಕ್ತದೊತ್ತಡ, ನೀವು ಬಿಪಿ ಎನ್ನುವುದು. ಇದರ ಕಥೆ ನಮ್ಮ ಬಾಗಲಕೋಟೆ ಜಿಲ್ಲೆಯದೇ. 2014ರಿಂದ 2016ರವರೆಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯ ಹಳ್ಳಿಗಳಲ್ಲಿ ಕ್ಲಿಪ್ ಎಂಬ ಅಧ್ಯಯನ ನಡೆಯಿತು. ಬೆಳಗಾವಿಯ ಕಾಲೇಜಿನ ಜೊತೆ ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜೂ ಇದರಲ್ಲಿತ್ತು. ಪಾಕಿಸ್ತಾನ ಮತ್ತು ಆಫ್ರಿಕಾದ ಮೊಜಾಂಬಿಕ್‌ನಲ್ಲಿಯೂ ಇದೇ ಕೆಲಸ ನಡೆಯಿತು. ಆಶಾ ಕಾರ್ಯಕರ್ತೆಯರು, ಎ.ಎನ್.ಎಂ. ನರ್ಸ್‌ಗಳು ಬಸುರಿಯ ಮನೆಗೇ ಹೋಗಿ ಬಿಪಿ ಅಳೆದರು. ಅಳತೆಯನ್ನು ಮೊಬೈಲ್ ಫೋನಿಗೆ ಹಾಕಿದರೆ ಎಷ್ಟು ಅಪಾಯ ಎಂಬುದನ್ನು ಅದು ತಿಳಿಸುತ್ತಿತ್ತು. ಬಿಪಿ ಬಹಳ ಹೆಚ್ಚಿದ್ದರೆ ಅಲ್ಲಿಯೇ ಮಾತ್ರೆ ಕೊಟ್ಟು, ಫಿಟ್ಸ್ ತಡೆಯುವ ಇಂಜೆಕ್ಷನ್ ಮಾಡಿ, ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂಬ ಯೋಜನೆ.

ಮೂರೂ ದೇಶಗಳ ಫಲಿತಾಂಶ 2020ರಲ್ಲಿ ಬಂದಿತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು: ಒಟ್ಟಾರೆ ನೋಡಿದರೆ ಈ ಯೋಜನೆಯಿಂದ ತಾಯಿ ಮತ್ತು ಕೂಸಿಗೆ ಆಗುವ ಅನಾಹುತಗಳು ಕಡಿಮೆಯಾಗಲಿಲ್ಲ. ಆದರೆ ಲೆಕ್ಕವನ್ನು ಬಿಡಿಸಿ ನೋಡಿದಾಗ ಒಂದು ವಿಷಯ ಕಂಡಿತು. ಎಂಟು ಅಥವಾ ಅದಕ್ಕಿಂತ ಹೆಚ್ಚು ಸಲ ನೋಡಿಸಿಕೊಂಡ ಬಸುರಿಯರಿಗೆ ತೊಂದರೆ ಕಡಿಮೆ ಇತ್ತು. ಬಸಿರಿನಲ್ಲಿ ಎಂಟು ಸಲವಾದರೂ ತಪಾಸಣೆ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿಯೇ ಹೇಳಿತ್ತು. ಒಮ್ಮೆ ಎರಡು ಸಲ ಅಳೆದು ಬಿಟ್ಟರೆ ಯಂತ್ರ, ಮೊಬೈಲ್ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಸೋತ ಸಂಶೋಧನೆ ಎಂದು ಕೆಲವರು ಇದನ್ನು ಬದಿಗಿಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಗೆದ್ದ ಸಂಶೋಧನೆಯಷ್ಟೇ ಇದೂ ನಮಗೆ ಬುದ್ಧಿ ಹೇಳುತ್ತದೆ.

ಎಂಟು ಸಲ ಯಾಕೆ ಆಗುವುದಿಲ್ಲ? ನನ್ನ ಅನಿಸಿಕೆಯಲ್ಲಿ ಮೊದಲ ಕಾರಣ ಬಡತನವೂ ಅಲ್ಲ, ಅಜ್ಞಾನವೂ ಅಲ್ಲ. ನಮ್ಮ ಕಡೆಯ ಒಂದು ಒಳ್ಳೆಯ ಪದ್ಧತಿಯೇ ಅದಕ್ಕೆ ಕಾರಣ. ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ಏಳನೆಯ ತಿಂಗಳಲ್ಲೋ ಒಂಬತ್ತರಲ್ಲೋ ಕುಬುಸ ಮಾಡಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿ ಮಗಳನ್ನು ತವರಿಗೆ ಕರೆದೊಯ್ಯುತ್ತೀರಿ. ಹೆಣ್ಣುಮಗಳಿಗೆ ಅದಕ್ಕಿಂತ ಸಂತೋಷ ಇನ್ನೊಂದಿಲ್ಲ, ಬೇಡವೆಂದು ಯಾರೂ ಹೇಳಬಾರದು. ಆದರೆ ಗಂಡನ ಮನೆ ಹುನಗುಂದದ ಹಳ್ಳಿ, ತವರು ಬಾದಾಮಿ ತಾಲೂಕು ಎಂದಿಟ್ಟುಕೊಳ್ಳಿ. ಇಷ್ಟು ದಿನ ಅವಳನ್ನು ನೋಡಿದ ಆಶಾ ಕಾರ್ಯಕರ್ತೆ ಇಲ್ಲಿ ಉಳಿದಳು. ಅಲ್ಲಿಯ ಆಶಾಗೆ ಇವಳು ಬಂದದ್ದೇ ತಿಳಿಯಲಿಲ್ಲ. ತಾಯಿ ಕಾರ್ಡು ಗಂಡನ ಮನೆಯ ಟ್ರಂಕಿನಲ್ಲಿ. ಬಿಪಿ ಏರುವ ಕಾಲವೋ, ಅದೇ ಕೊನೆಯ ಮೂರು ತಿಂಗಳು. ಅಳತೆ ಅತ್ಯಂತ ಬೇಕಾದ ಹೊತ್ತಿನಲ್ಲಿಯೇ ಅದು ತಪ್ಪಿಹೋಗುತ್ತದೆ.

ದುಡಿಯಲು ಗೋವಾ, ಮಂಗಳೂರು ಕಡೆ ಹೋಗುವ ಕುಟುಂಬಗಳದು ಇನ್ನೂ ಕಷ್ಟ. ಅವರಿಗೆ ಎರಡೂ ಕಡೆ ಯಾರೂ ಇಲ್ಲ. ಕಾರ್ಡು ಕೈಯಲ್ಲಿದ್ದರೆ ಯಾವ ಊರಿನ ಸರ್ಕಾರಿ ದವಾಖಾನೆಯಲ್ಲಾದರೂ ತೋರಿಸಬಹುದು, ಪ್ರತಿ ತಿಂಗಳು 9ನೇ ತಾರೀಖಿಗೆ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ.

ಆದ್ದರಿಂದ ಬೀಗರು ಬೀಗರು ಕೂಡಿ ಒಂದು ಮಾತು ಮಾಡಿಕೊಳ್ಳಿ. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಉತ್ತತ್ತಿಯ ಜೊತೆ ತಾಯಿ ಕಾರ್ಡನ್ನೂ ಕಳಿಸಿ. ತವರು ತಲುಪಿದ ವಾರದೊಳಗೆ ಆ ಊರಿನ ಆಶಾ ಕಾರ್ಯಕರ್ತೆಯನ್ನು ಮನೆಗೆ ಕರೆದು ಹೆಸರು ಬರೆಸಿ. ಲಿಂಗಾಯತ ಮನೆತನಗಳಲ್ಲಿ ಎಂಟನೆಯ ತಿಂಗಳಿಗೆ ಗುರುಗಳನ್ನು ಕರೆಸಿ ಗರ್ಭದಲ್ಲಿರುವ ಕೂಸಿಗೆ ಲಿಂಗಧಾರಣೆ ಮಾಡಿಸುವ ಸಂಪ್ರದಾಯ ಇದೆಯಲ್ಲ, ಆ ತಿಂಗಳ ಲೆಕ್ಕ ಯಾರೂ ತಪ್ಪಿಸುವುದಿಲ್ಲ. ಹಾಗೆಯೇ ಆ ತಿಂಗಳಿಂದ ಬಿಪಿಯ ಲೆಕ್ಕವೂ ತಪ್ಪದಿರಲಿ.

ಮೇಲಿನ ಅಂಕಿ 140, ಕೆಳಗಿನದು 90, ಇವೆರಡರಲ್ಲಿ ಯಾವುದು ಮುಟ್ಟಿದರೂ ಡಾಕ್ಟರಿಗೆ ತೋರಿಸಬೇಕು. ಸೋಜಿಗವೆಂದರೆ ಈ ಬೇನೆ ಮೊದಲಿಗೆ ನೋಯುವುದಿಲ್ಲ. ಹೆಣ್ಣುಮಗಳು ರೊಟ್ಟಿ ಬಡಿಯುತ್ತಲೇ ಇರುತ್ತಾಳೆ. ಮುಖ, ಕೈ ಬಾತರೆ "ಕೂಸಿನ ಬಾವು" ಎನ್ನುತ್ತೀರಿ, ತಲೆ ನೋಯ್ದರೆ "ಉಷ್ಣ" ಎನ್ನುತ್ತೀರಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ಹೊಟ್ಟೆನೋವು, ಕೂಸಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಆ ಹೊತ್ತಿಗೇ ಹೊರಡಬೇಕು. ಫಿಟ್ಸ್ ಬಂದೇಬಿಟ್ಟರೆ ಎಡಮಗ್ಗುಲಾಗಿ ಮಲಗಿಸಿ, 108 ಕರೆಯಿರಿ. ಬಾಯಲ್ಲಿ ಚಮಚ ತುರುಕುವುದು, ಕೈಯಲ್ಲಿ ಕೀಲಿಕೈ ಹಿಡಿಸುವುದು, ಉಳ್ಳಾಗಡ್ಡಿ ಮೂಸಿಸುವುದು ಬೇಡ. ದೇವರ ದೋಷ ಎಂದು ಅಂಗಾರ ಹಚ್ಚಲು ಹೋಗಿ ತಾಸು ಕಳೆದರೆ ಆ ತಾಸು ತಿರುಗಿ ಬಾರದು. ಅಂಗಾರ ಹಚ್ಚುವುದಾದರೆ ಗಾಡಿಯಲ್ಲಿ ಕುಳಿತೂ ಹಚ್ಚಬಹುದು. ಹೆರಿಗೆಯಾದ ಮೇಲೆ ಒಂದು ವಾರದವರೆಗೂ, ಕೆಲವೊಮ್ಮೆ ಆಮೇಲೂ ಫಿಟ್ಸ್ ಬರಬಹುದು ಎಂಬುದು ನೆನಪಿರಲಿ.

ರಕ್ತಹೀನತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಪ್ರತಿ ಸಲ ಹೇಳುತ್ತಲೇ ಇದ್ದೇವೆ. ಬಸುರಿಗೆ ಹಿಮೋಗ್ಲೋಬಿನ್ 11 ಇರಬೇಕು. ಏಳಿದ್ದವಳಿಗೆ ಸ್ವಲ್ಪ ರಕ್ತ ಹೋದರೂ ಅದು ದೊಡ್ಡ ನಷ್ಟವೇ, ಕಿಸೆಯಲ್ಲಿ ಹತ್ತು ರೂಪಾಯಿ ಇದ್ದವನಿಗೆ ಐದು ಕಳೆದ ಹಾಗೆ. ಕಬ್ಬಿಣದ ಗುಳಿಗೆ ಸಂಡಾಸ ಕಪ್ಪು ಮಾಡುತ್ತದೆ, ಅದಕ್ಕೆ ಹೆದರಿ ಬಿಡಬೇಡಿ. ಗುಳಿಗೆಯನ್ನು ಚಹದ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ಲಿಂಬೆಹಣ್ಣಿನ ನೀರಿನ ಜೊತೆ ನುಂಗಿ.

ಈಗ ಕೂಸಿನ ಮಾತು. ಇಲ್ಲಿಯೂ ಕಣ್ಣಂದಾಜು ಮೋಸ ಮಾಡುತ್ತದೆ. "ಕೂಸು ಸಣ್ಣದೈತಿ, ಆದ್ರ ಚಟುವಟಿಕೆಯಿಂದ ಐತಿ" ಎನ್ನುತ್ತಾರೆ. ತಕ್ಕಡಿ ಬೇರೆ ಹೇಳುತ್ತದೆ. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಕೂಸು. ಎರಡು ಕಿಲೋಗಿಂತ ಕೆಳಗಿದ್ದರೆ ಬಹಳ ಜೋಪಾನ ಬೇಕು.

ಅಂಥ ಕೂಸಿಗೆ ದೊಡ್ಡ ಔಷಧಿ ತಾಯಿಯ ಎದೆಯ ಬಿಸುಪು. ಬರೀ ಟೊಪ್ಪಿಗೆ, ಲಂಗೋಟಿ ಹಾಕಿ ಕೂಸನ್ನು ತಾಯಿಯ ಬರಿ ಎದೆಗೆ ನೆಟ್ಟಗೆ ಒರಗಿಸಿ, ಮೇಲೆ ಸೀರೆಯಿಂದ ಕಟ್ಟಿ, ದಿನಕ್ಕೆ ಎಷ್ಟು ತಾಸು ಸಾಧ್ಯವೋ ಅಷ್ಟು ಇಟ್ಟುಕೊಳ್ಳುವುದು. ಇದನ್ನು ಕಾಂಗರೂ ಆರೈಕೆ ಎನ್ನುತ್ತಾರೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ಒಂದರಿಂದ 1.8 ಕಿಲೋ ತೂಕದೊಳಗಿನ ಮೂರು ಸಾವಿರಕ್ಕೂ ಹೆಚ್ಚು ಕೂಸುಗಳ ಮೇಲೆ ಪರೀಕ್ಷೆ ನಡೆಯಿತು. ಕೆಲವನ್ನು ಹುಟ್ಟಿದ ಕೂಡಲೆ ಎದೆಗೆ ಹಾಕಿದರು, ಉಳಿದವನ್ನು ಮೊದಲಿನ ಪದ್ಧತಿಯಂತೆ ಕೂಸು ಸುಧಾರಿಸಿದ ಮೇಲೆ. ಮೊದಲ 28 ದಿನಗಳಲ್ಲಿ ತೀರಿಕೊಂಡ ಕೂಸುಗಳು, ತಡವಾಗಿ ಎದೆಗೆ ಹಾಕಿದವರಲ್ಲಿ ನೂರಕ್ಕೆ 15.7, ಕೂಡಲೆ ಹಾಕಿದವರಲ್ಲಿ 12. ವ್ಯತ್ಯಾಸ ಸ್ಪಷ್ಟವಾಗಿ ಕಂಡದ್ದರಿಂದ ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದರು. 2021ರ ಮಾತು ಇದು. "ಅದು ಪಟ್ಟಣದ ದೊಡ್ಡ ದವಾಖಾನಿ ಮಾತು, ನಮ್ಮಲ್ಲಿ ಆಗತೈತೇನು?" ಎಂದು ಕೇಳಬಹುದು. ನಮ್ಮ ಇಳಕಲ್ಲಿನ ಆಚೆ ಗಡಿಗೆ ಹತ್ತಿದ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆಗಳ ಮೂಲಕ, ಆಮೇಲೆ ಮನೆಯಲ್ಲಿ ಆಶಾ ಕಾರ್ಯಕರ್ತೆಯರ ಮೂಲಕ ಇದನ್ನು ಮಾಡಿ ತೋರಿಸಿದ್ದಾರೆ. ತಾಯಿಗೆ ದಣಿವಾದರೆ ಅಜ್ಜಿ, ಅತ್ತೆ, ಗಂಡ ಯಾರಾದರೂ ಎದೆಗೆ ಕಟ್ಟಿಕೊಳ್ಳಬಹುದು. ಗಂಡಸರು ನಾಚುತ್ತಾರೆ. ಇದಕ್ಕೆ ನಾಚಿಕೆ ಏಕೆ? ಕೂಸಿಗೆ ಬೇಕಾದದ್ದು ಬಿಸುಪು.

ಬಿಸುಪಿನ ಮಾತು ಬಂದಾಗ ಎರೆಯುವ ಮಾತನ್ನೂ ಹೇಳಿಬಿಡುತ್ತೇನೆ. ಹುಟ್ಟಿದ ದಿನವೇ ಕೂಸಿಗೆ ನೀರು ಹಾಕಬೇಡಿ. ಮೈಮೇಲಿನ ಬೆಣ್ಣೆಯಂಥ ಬಿಳಿ ಲೇಪ ಹೊಲಸಲ್ಲ, ಅದು ಚರ್ಮವನ್ನು ಕಾಯುತ್ತದೆ. ಕನಿಷ್ಠ 24 ತಾಸು ಎರೆಯಬಾರದು, ಕಡಿಮೆ ತೂಕದ ಕೂಸಿಗೆ ಇನ್ನೂ ತಡವಾಗಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಕೂಸಿಗೆ ಥಂಡಿ ಹತ್ತುತ್ತಿದೆ ಎಂದರ್ಥ. ಆಗ ಎದೆಗೆ ಹಾಕಿಕೊಳ್ಳಿ. ಬಾಣಂತಿ ಕೋಣೆಯಲ್ಲಿ ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಹೊಗೆ ಹಾಕಿದರೆ ಬಿಸುಪಿಗಿಂತ ಉಸಿರಿನ ತೊಂದರೆಯೇ ಹೆಚ್ಚು.

ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು. ಮೊದಲ ದಿನಗಳ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವವರು ಈಗ ಕಡಿಮೆಯಾಗಿದ್ದಾರೆ, ಆದರೆ ಬೆಲ್ಲದ ನೀರು, ಜೇನು, ಔಡಲೆಣ್ಣೆ ನೆಕ್ಕಿಸುವುದು ಇನ್ನೂ ನಿಂತಿಲ್ಲ. ಆಕಳು ಈದರೆ ಗಿಣ್ಣದ ಹಾಲು ಕರುವಿಗೆ ಬೇಕೆಂದು ನಿಮಗೆ ಗೊತ್ತಿದೆ. ಕೂಸಿಗೂ ಹಾಗೆಯೇ. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ. ನೀರು ಬೇಕಾದದ್ದು ಬಾಣಂತಿಗೆ. ಅವಳಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ನಂಜಾಗುತ್ತದೆ ಎಂದು ಅಳೆದು ಕೊಡುತ್ತೀರಿ. ಅಳೆಯಬಾರದ್ದನ್ನು ಅಳೆಯುವುದು ಎಂದರೆ ಇದು! ಬಾಯಾರಿದಷ್ಟು ಕುಡಿಯಲಿ. ಹೊಕ್ಕಳಿಗೆ ಬೂದಿ, ಎಣ್ಣೆ, ಅರಿಶಿಣ ಏನೂ ಹಚ್ಚದೆ ಒಣಗಲು ಬಿಡಿ. ಕೂಸಿಗೆ ಲಿಂಗ ಕಟ್ಟಿದಾಗ ಕೊರಳಿನ ದಾರ ಬಿಗಿಯಾಗದಂತೆ, ಮಲಗಿದಾಗ ಸುತ್ತಿಕೊಳ್ಳದಂತೆ ನೋಡಿಕೊಳ್ಳಿ.

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾ. ಅಭಯ ಬಂಗ ಮತ್ತು ಡಾ. ರಾಣಿ ಬಂಗ ದಂಪತಿಗಳು ಹಳ್ಳಿಯ ಸಾಮಾನ್ಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. ಕೂಸನ್ನು ತೂಗುವುದು, ಉಸಿರು ಎಣಿಸುವುದು, ಸೋಂಕು ಗುರುತಿಸಿ ಔಷಧಿ ಕೊಡುವುದು ಅವರ ಕೆಲಸ. ಹಸುಗೂಸುಗಳ ಸಾವು ಶೇಕಡಾ 62ರಷ್ಟು ಕಡಿಮೆಯಾಯಿತೆಂದು 1999ರಲ್ಲಿ ಪ್ರಕಟವಾಯಿತು. ಇಂದು ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ನಿಮ್ಮ ಮನೆಗೆ ಬರುವುದರ ಮೂಲ ಅದೇ. ಸೂತಕ ಇದೆ, ಹೊರಗಿನವರು ಬಾಣಂತಿ ಕೋಣೆಗೆ ಬರಬಾರದು ಎಂದು ಅವಳನ್ನು ಕಟ್ಟೆಯ ಮೇಲಿಂದಲೇ ಕಳಿಸಬೇಡಿ. ಲಿಂಗವಂತರಿಗೆ ಸೂತಕವೇ ಇಲ್ಲವೆಂದು ಶರಣರು ಹೇಳಿದ್ದಾರಲ್ಲ! ಅವಳು ಕೈ ತೊಳೆದುಕೊಂಡು ಒಳಗೆ ಬರಲಿ, ಕೂಸನ್ನು ತೂಗಲಿ. ಕೂಸು ಹಾಲು ಬಿಟ್ಟರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡಿದರೆ, ಎದೆ ಒಳಗೆ ಎಳೆದುಕೊಂಡರೆ, ಅಂಗೈ ಅಂಗಾಲು ಹಳದಿಯಾದರೆ ರಾತ್ರಿಯಾದರೂ ತರಬೇಕು.

ಇನ್ನೊಂದು ಮಾತು. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಿಂದ ಊರೂರು ತಿರುಗಿ ಜೋಳಿಗೆ ಒಡ್ಡಿದರು. ದುಡ್ಡು ಬೇಡಲಿಲ್ಲ, ದುಶ್ಚಟಗಳನ್ನು ಬೇಡಿದರು. ಬಸುರಿ ತಂಬಾಕು ಜಗಿದರೆ, ಹಲ್ಲಿಗೆ ತಂಬಾಕಿನ ಪುಡಿ ತಿಕ್ಕಿದರೆ ಕೂಸಿನ ತೂಕ ಇಳಿಯುತ್ತದೆ. ಮಗ್ಗುಲಲ್ಲಿ ಕುಳಿತು ಬೀಡಿ ಸೇದುವವರ ಹೊಗೆಯೂ ಸಾಕು. ಮಗುವಿನ ಹೆಸರಿನಲ್ಲಿ ಆ ಜೋಳಿಗೆಗೆ ಹಾಕುವುದನ್ನು ಹಾಕಿಬಿಡಿ.

ಕೊನೆಗೆ, ಜೊತೆಗೆ ಬಂದ ಹಿರಿಯ ಹೆಣ್ಣುಮಕ್ಕಳಿಗೆ. ಮಗಳ ಬಿಪಿ ನೋಡಿದಿರಾ ಎಂದು ಮೇಲಿಂದ ಮೇಲೆ ಕೇಳುವ ನೀವು ನಿಮ್ಮದನ್ನು ಎಂದು ನೋಡಿಸಿಕೊಂಡಿದ್ದೀರಿ? ಮೂವತ್ತು ದಾಟಿದ ಹೆಣ್ಣುಮಗಳು ಬಿಪಿ, ಸಕ್ಕರೆ ನೋಡಿಸಬೇಕು, ಗರ್ಭಕೋಶದ ಬಾಯಿಯ ಮತ್ತು ಎದೆಯ ಕ್ಯಾನ್ಸರಿನ ತಪಾಸಣೆ ಮಾಡಿಸಿಕೊಳ್ಳಬೇಕು. ಗರ್ಭಕೋಶದ ಬಾಯಿಗೆ ವಿನೆಗರ್‌ನಂಥ ಹುಳಿದ್ರವ ಹಚ್ಚಿ ಒಂದು ನಿಮಿಷ ಕಾದರೆ ಕೆಟ್ಟ ಭಾಗ ಬೆಳ್ಳಗೆ ಕಾಣುತ್ತದೆ. ಮುಂಬಯಿಯ ಕೊಳೆಗೇರಿಗಳಲ್ಲಿ ಹೆಚ್ಚು ಓದಿರದ ಹೆಣ್ಣುಮಕ್ಕಳು ತರಬೇತಿ ಪಡೆದು ಇದನ್ನು ಮಾಡಿದರು. 12 ವರ್ಷಗಳ ಲೆಕ್ಕದಲ್ಲಿ ಆ ಕ್ಯಾನ್ಸರಿನಿಂದಾಗುವ ಸಾವು ಶೇಕಡಾ 31ರಷ್ಟು ಇಳಿಯಿತು. ಬಿಳಿಸ್ರಾವ ಇದ್ದರೂ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೂ ಯಾರಿಗೂ ಹೇಳದೆ ನುಂಗಿಕೊಂಡಿರುವವರು ಈ ಸಭೆಯಲ್ಲಿಯೇ ಇರಬಹುದು. ನಾನು ಯಾರ ಹೆಸರೂ ಕೇಳುವುದಿಲ್ಲ. ಊಟದ ತಾಟು ತೊಳೆದಿಟ್ಟು ಹೊರರೋಗಿ ವಿಭಾಗದ ಹೆಣ್ಣುಮಕ್ಕಳ ಕೋಣೆಗೆ ಬನ್ನಿ. ಒಳಗೆ ಗಂಡಸರು ಇರುವುದಿಲ್ಲ. ಮೊದಲು ಬಿಪಿ ನೋಡುತ್ತೇವೆ, ಮಿಕ್ಕದ್ದು ನೀವು ಹೇಳಿದ ಮೇಲೆ.